ಹತ್ತನೇ ಗಂಟೆಗೂ ನೆನಪಿರ್ಬೇಕಾದ ರೂಲ್ಸ್: ಉದ್ದದ ಮೌಂಟೇನ್ ಬೈಕ್ ರೇಸ್‌ಗಳ ನಿಯಮ ಮತ್ತು ನಡವಳಿಕೆ

ಇವತ್ತು ನಾನು ಟ್ರೇನಿಂಗ್ ಬಗ್ಗೆ, ಟೈರ್ ಪ್ರೆಶರ್ ಬಗ್ಗೆ, ಗಂಟೆಗೆ ಎಷ್ಟು ತಿನ್ಬೇಕು ಅನ್ನೋದ್ರ ಬಗ್ಗೆ ಮಾತಾಡಲ್ಲ, ಅದನ್ನ ಹೇಳಿಕೊಡೋಕೆ ಬೇಕಾದಷ್ಟು ಜನ ಇದಾರೆ. ನಿಮ್ಮಲ್ಲಿ ತುಂಬಾ ಜನ ಮೊದಲನೇ ಸಲ ಲಾಂಗ್ ರೇಸ್‌ಗೆ ಹೆಸರು ಕೊಟ್ಟಿದೀರ. ಬ್ರೀಫಿಂಗ್‌ನಲ್ಲಿ ರೂಲ್ಸ್ ಓದುವಾಗ ಎಲ್ರ ಕಣ್ಣೂ ಪಕ್ಕದೋರ ಸೈಕಲ್ ಮೇಲೇ ಇರತ್ತೆ, ಅದಕ್ಕೇ ಆ ವಿಷಯವನ್ನೇ ಎತ್ತಿಕೊಂಡಿದೀನಿ. ಯಾವ ರೂಲು, ಯಾಕೆ ಆ ರೂಲು, ಮತ್ತೆ ಪುಸ್ತಕದಲ್ಲಿ ಬರೆದಿಲ್ದಿದ್ರೂ ಟ್ರೇಲ್ ಮೇಲೆ, ಅಂದ್ರೆ ಕಾಡು-ಬೆಟ್ಟದ ಕಚ್ಚಾ ದಾರಿ ಮೇಲೆ, ಎಲ್ರೂ ಪಾಲಿಸೋ ಕೆಲವು ನಡವಳಿಕೆಗಳು.

ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಅಂತ ನೋಡ್ತೀವಲ್ಲ, ಅದು ಹೆಚ್ಚು ಕಡಿಮೆ ಒಂದೂವರೆ ಗಂಟೆ ರೇಸ್. ಚಿಕ್ಕ ಲೂಪು, ಸುತ್ತ ಜನ, ತಿರುವು ತಿರುವಿಗೂ ದಾರಿ ಕಾಯೋ ಮಾರ್ಷಲ್, ಕ್ಯಾಮೆರಾ. ಮ್ಯಾರಥಾನ್ ಅಂದ್ರೆ ಹಾಗಲ್ಲ, ಅದಕ್ಕೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಇಟ್ಟಿರೋ ದೂರವೇ 60ರಿಂದ 160 ಕಿಲೋಮೀಟರ್. ಅದಾದ್ಮೇಲೆ ಒಂದೇ ಲೂಪನ್ನ ಮತ್ತೆ ಮತ್ತೆ ಸುತ್ತೋ 12 ಗಂಟೆ, 24 ಗಂಟೆ ಲ್ಯಾಪ್ ರೇಸ್‌ಗಳು, ದಿನಕ್ಕೊಂದು ಹಂತದ ಹಾಗೆ ಹಲವು ದಿನ ನಡೆಯೋ ಸ್ಟೇಜ್ ರೇಸ್‌ಗಳು, ಕೊನೆಗೆ ಯಾರ ಸಹಾಯನೂ ಇಲ್ದೆ ಸಾವಿರಾರು ಕಿಲೋಮೀಟರ್ ಹೋಗೋ ರೇಸ್‌ಗಳು. ದೂರ ಜಾಸ್ತಿ ಆದಷ್ಟೂ ನೋಡೋ ಕಣ್ಣು ಕಮ್ಮಿ. 100 ಕಿಲೋಮೀಟರ್ ಕಾಡಿನಲ್ಲಿ ಎಷ್ಟು ಜನ ಮಾರ್ಷಲ್‌ಗಳನ್ನ ನಿಲ್ಲಿಸೋಕೆ ಆಗತ್ತೆ ಹೇಳಿ? ಹಾಗಾಗಿ ಈ ಆಟದಲ್ಲಿ ರೂಲ್ ಕಾಯೋನು ಅದನ್ನ ಮುರಿಯೋ ಅವಕಾಶ ಇರೋ ಅದೇ ರೈಡರ್.

ಕಷ್ಟ ಎಲ್ಲಿದೆ ಅಂದ್ರೆ, ಬೆಳಿಗ್ಗೆ ಸ್ಟಾರ್ಟ್ ಲೈನಲ್ಲಿ ನಿಂತಿರೋರು ಎಲ್ರೂ ಒಳ್ಳೆಯವ್ರೇ. ಕಸ ಬಿಸಾಕಲ್ಲ, ಶಾರ್ಟ್‌ಕಟ್ ಹೊಡೆಯಲ್ಲ, ಬಿದ್ದೋರನ್ನ ಬಿಟ್ಟು ಹೋಗಲ್ಲ ಅಂತ ಎಲ್ರೂ ಮನಸ್ಸಿಂದಾನೇ ಅಂದ್ಕೊಂಡಿರ್ತಾರೆ. ಆದ್ರೆ ರೇಸಿನ ಹತ್ತನೇ ಗಂಟೆಗೆ, ರಕ್ತದಲ್ಲಿ ಸಕ್ಕರೆ ಅಂಶ ಇಳಿದು ತಲೆ ಓಡ್ದೇ ಇರುವಾಗ, ಆ ತಲೆ ಚೌಕಾಸಿಗೆ ಇಳಿಯತ್ತೆ. ಈ ಒಂದು ತಿರುವು ಬಿಟ್ರೆ ಯಾರಿಗೇನು ನಷ್ಟ, ಅವನು ಎದ್ದು ಕೂತಿದಾನಲ್ಲ ಸಾಕು, ಹಿಂದೆ ಬರೋರು ನೋಡ್ಕೋತಾರೆ, ಹೀಗೆ. ಅದಕ್ಕೆ ನಾನು ಪದೇ ಪದೇ ಹೇಳೋದು ಒಂದೇ, ಈ ತೀರ್ಮಾನಗಳನ್ನೆಲ್ಲ ತಲೆ ನೆಟ್ಟಗಿರುವಾಗಲೇ, ಹಿಂದಿನ ದಿನವೇ ಮಾಡಿ ಮುಗಿಸ್ಬೇಕು. ಟ್ರೇಲ್ ಮೇಲೆ ಹೋಗಿ ಯೋಚನೆ ಮಾಡೋಕೆ ಏನೂ ಉಳಿಸ್ಕೋಬಾರದು.

ಹಾಗಾಗಿ ಮೊದಲ ಕೆಲಸ ರೇಸ್ ಗೈಡ್ ಪೂರ್ತಿ ಓದೋದು. ಪೂರ್ತಿ ಅಂದ್ರೆ ಪೂರ್ತಿ. ಒಂದು ರೇಸಿನ ರೂಲ್ ಇನ್ನೊಂದರಲ್ಲಿ ಇರಲ್ಲ, ಹೋದ ವರ್ಷದ ರೂಲ್ ಈ ವರ್ಷ ಇರಬೇಕು ಅಂತಿಲ್ಲ. ಕಟ್‌ಆಫ್, ಅಂದ್ರೆ ಇಷ್ಟು ಹೊತ್ತಿಗೆ ಬರ್ದಿದ್ರೆ ರೇಸಿಂದ ನಿಲ್ಲಿಸೋ ಟೈಮು, ಎಲ್ಲೆಲ್ಲಿ, ಎಷ್ಟು ಹೊತ್ತಿಗೆ, ಆ ಟೈಮು ಚೆಕ್‌ಪಾಯಿಂಟ್ ಒಳಗೆ ಬರೋದಕ್ಕೋ ಅಲ್ಲಿಂದ ಹೊರಡೋದಕ್ಕೋ, ಹೊರಗಿನವರಿಂದ ಸಹಾಯ ಎಲ್ಲಿ ತಗೋಬಹುದು, ಜೊತೆಲಿ ಕಡ್ಡಾಯವಾಗಿ ಏನೇನು ಇರ್ಬೇಕು, ಬಿಟ್ಟುಹೋಗೋದಾದ್ರೆ ಯಾರಿಗೆ ಹೇಳ್ಬೇಕು. ಇಷ್ಟನ್ನ ಒಂದು ಚೀಟಿಲಿ ಬರೆದು ಟಾಪ್ ಟ್ಯೂಬ್ ಮೇಲೆ, ಅಂದ್ರೆ ಸೀಟಿಂದ ಹ್ಯಾಂಡಲ್ ಕಡೆಗೆ ಹೋಗೋ ಸೈಕಲ್ಲಿನ ಮೇಲಿನ ಕೊಳವೆ ಮೇಲೆ, ಟೇಪ್ ಹಾಕಿ ಅಂಟಿಸಿಬಿಡಿ. ಕಟ್‌ಆಫ್ ಅಂತೂ ಬಾಯಿಪಾಠ ಆಗಿರ್ಬೇಕು.

ಲ್ಯಾಪ್ ರೇಸ್ ಆದ್ರೆ ಕೊನೇ ಲ್ಯಾಪಿನ ರೂಲ್ ಪ್ರತ್ಯೇಕವಾಗಿ ಕೇಳಿ ತಿಳ್ಕೊಳ್ಳಿ, ಜಗಳ ಹೆಚ್ಚು ಆಗೋದೇ ಇಲ್ಲಿ. ಕೆಲವು ಕಡೆ ಗಡಿಯಾರ 24 ಗಂಟೆ ಮುಟ್ಟೋ ಮುಂಚೆ ಲ್ಯಾಪ್ ಶುರು ಮಾಡಿದ್ರೆ ಸಾಕು, ಅದು ಲೆಕ್ಕಕ್ಕೆ ಬರತ್ತೆ, ಮುಗಿಸೋಕೆ ಇಷ್ಟು ಹೊತ್ತು ಅಂತ ಬೇರೆ ಟೈಮ್ ಕೊಟ್ಟಿರ್ತಾರೆ. ಇನ್ನು ಕೆಲವು ಕಡೆ 24 ಗಂಟೆ ಒಳಗೆ ಮುಗಿಸಿದ ಲ್ಯಾಪ್ ಮಾತ್ರ ಲೆಕ್ಕ. ಎರಡಕ್ಕೂ ಪ್ಲಾನ್ ಪೂರ್ತಿ ಬೇರೆ ಬೇರೆ. ಮೊದಲನೇ ರೂಲ್ ಇದ್ರೆ 23 ಗಂಟೆ 55 ನಿಮಿಷಕ್ಕೆ ಲೈನ್ ದಾಟಿದ ರೈಡರ್ ಮತ್ತೆ ಹೊರಡಬಹುದು, ಅಥವಾ ಎದುರಾಳಿ ಹೊರಡಲ್ಲ ಅಂತ ಗೊತ್ತಾದ್ರೆ ಅಲ್ಲೇ ನಿಲ್ಲಬಹುದು. ಎರಡನೇ ರೂಲ್ ಇದ್ರೆ ಮುಗಿಸೋಕೆ ಆಗದ ಲ್ಯಾಪಿಗೆ ಹೊರಡೋದು ಸುಮ್ನೆ ದಣಿವು. ಇದು ಗೊತ್ತಿಲ್ದೆ ಒಂದು ದಿನ ಪೂರ್ತಿ ಪೆಡಲ್ ತುಳಿದು ಕೊನೇ ಗಂಟೆಲಿ ಸ್ಥಾನ ಕಳ್ಕೊಂಡ್ರೆ ಹೊಟ್ಟೆ ಉರಿಯತ್ತೆ, ಬೈಯೋಕೆ ಯಾರೂ ಸಿಗಲ್ಲ.

24 ಗಂಟೆ ಅಂದಾಗ ಒಂದು ಕಥೆ ನೆನಪಾಯ್ತು, ವಿಷಯ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ಈ ಥರದ ರೇಸ್‌ಗಳು ಹಬ್ಬಿದ್ದು 1992ರಲ್ಲಿ ಅಮೆರಿಕಾದ ವೆಸ್ಟ್ ವರ್ಜೀನಿಯಾದಲ್ಲಿ ಲೇಯರ್ಡ್ ನೈಟ್ ಅನ್ನೋರು ಶುರು ಮಾಡಿದ 24 ಅವರ್ಸ್ ಆಫ್ ಕೇನನ್ ಅನ್ನೋ ರೇಸಿಂದ. ಆಗ ಅದು ಟೀಮ್‌ಗಳ ಆಟ, ಒಬ್ಬರಾದ ಮೇಲೆ ಒಬ್ಬರು ರಿಲೇ ಥರ ಲ್ಯಾಪ್ ಹೊಡೆಯೋದು. ಜಾನ್ ಸ್ಟಾಮ್‌ಸ್ಟಾಡ್ ಅಂತ ಒಬ್ಬರು ತಮ್ಮ ಹೆಸರನ್ನೇ ನಾಲ್ಕು ರೀತಿಲಿ ಬರೆದು ನಾಲ್ಕು ಜನರ ಟೀಮ್ ಅಂತ ನೋಂದಾಯಿಸಿ ಒಬ್ಬರೇ ಓಡಿಸಿದ್ರು. ಆಮೇಲಾಮೇಲೆ ಸೋಲೋ ಅನ್ನೋ ವಿಭಾಗವೇ ಬಂತು. ಇಲ್ಲಿ ಒಂದು ವಿಷಯ ನೋಡಿ, ಅವರು ಫಾರ್ಮ್ ತುಂಬೋದ್ರಲ್ಲಿ ಚಾಲಾಕಿತನ ಮಾಡಿದ್ರು ನಿಜ, ಆದ್ರೆ ಅದ್ರಿಂದ ಬೇರೆ ಟೀಮ್‌ಗಳಿಗೆ ಕಿತ್ಕೊಂಡಿದ್ದು ಏನೂ ಇಲ್ಲ, ಭಾರ ಎಲ್ಲ ತಮ್ಮ ಮೇಲೇ ಹೊತ್ಕೊಂಡ್ರು. ಒಂದು ಕೆಲಸ ಸರಿನೋ ತಪ್ಪೋ ಅಂತ ಗೊಂದಲ ಆದಾಗ ನಾನು ಇದನ್ನೇ ಅಳತೆಗೋಲಾಗಿ ಇಟ್ಕೋತೀನಿ, ಇದ್ರ ಭಾರ ಯಾರ ಮೇಲೆ ಬೀಳತ್ತೆ ಅಂತ.

ಸರಿ, ದಾರಿ ವಿಷಯಕ್ಕೆ ಬರೋಣ. ಗುರುತು ಹಾಕಿರೋ ಕೋರ್ಸ್ ಪೂರ್ತಿ ಮುಗಿಸ್ಬೇಕು, ಯಾವುದೇ ಕಾರಣಕ್ಕೆ ಕೋರ್ಸಿಂದ ಹೊರಗೆ ಹೋದ್ರೆ ಹೊರಗೆ ಹೋದ ಜಾಗದಲ್ಲೇ, ಅದೇ ಎರಡು ಗುರುತುಗಳ ಮಧ್ಯೆನೇ ವಾಪಸ್ ಒಳಗೆ ಬರ್ಬೇಕು. ಇದು ಯುಸಿಐ ರೂಲು, ಹೆಚ್ಚು ಕಡಿಮೆ ಎಲ್ಲಾ ರೇಸ್‌ಗಳೂ ಇದನ್ನೇ ಇಟ್ಕೊಂಡಿರೋದು. ಓದೋಕೆ ಸುಲಭ. ಈಗ ಹೀಗೆ ಅಂದ್ಕೊಳ್ಳಿ, ಒಂದು ಬಾಣದ ಗುರುತು ಕಾಣದೆ ಇಳಿಜಾರಲ್ಲಿ ನಾಲ್ಕು ಕಿಲೋಮೀಟರ್ ಇಳಿದುಬಿಟ್ರಿ, ಕೆಳಗೆ ಹೋಗಿ ನೋಡಿದ್ರೆ ಕೋರ್ಸ್ ಅಲ್ಲೇ ಮುನ್ನೂರು ಮೀಟರ್ ದೂರದಲ್ಲಿ ಅಡ್ಡ ಹಾದುಹೋಗಿದೆ. ಅಲ್ಲಿ ಸೇರ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ, ಇಳಿದ ದೂರ ಕೂಡ ಹೆಚ್ಚು ಕಡಿಮೆ ಅಷ್ಟೇ ಇರಬಹುದು. ಆದ್ರೂ ನಾಲ್ಕು ಕಿಲೋಮೀಟರ್ ವಾಪಸ್ ಹತ್ತಲೇಬೇಕು. ಬಿಟ್ಟುಹೋದ ಆ ತುಂಡಿನಲ್ಲಿ ಒಂದು ಕಲ್ಲಿನ ಏರಿತ್ತು, ಉಳಿದ ಇನ್ನೂರು ಜನ ಅದನ್ನ ತಳ್ಕೊಂಡು ಹತ್ತಿದಾರೆ. ಹತ್ತೋಕೆ ಆಗಲ್ಲ ಅನ್ನಿಸಿದ್ರೆ ಮುಂದಿನ ಚೆಕ್‌ಪಾಯಿಂಟಲ್ಲಿ ಹೋಗಿ ಹೀಗಾಯ್ತು ಅಂತ ಹೇಳಿ, ಪೆನಾಲ್ಟಿ ಕೊಟ್ರೆ ತಗೊಳ್ಳಿ, ರೇಸಿಂದ ತೆಗೆದ್ರೂ ಒಪ್ಕೊಳ್ಳಿ.

ಸ್ವಿಚ್‌ಬ್ಯಾಕ್ ಅಂತೀವಲ್ಲ, ಹಾವಿನ ಥರ ಸುತ್ತಿ ಹತ್ತೋ ತಿರುವುಗಳು, ಅವನ್ನ ಅಡ್ಡ ಕತ್ತರಿಸೋದು ಇನ್ನೂ ಕೆಟ್ಟದ್ದು. ಅದು ಮೋಸ ಅನ್ನೋದು ಒಂದು, ಇನ್ನೊಂದು ಆ ಜಾಗದಲ್ಲಿ ಮಳೆ ನೀರು ನೇರ ಇಳಿಯೋಕೆ ದಾರಿ ಸಿಗತ್ತೆ. ಇಪ್ಪತ್ತು ಜನ ಕತ್ತರಿಸಿದ್ರೆ ಹುಲ್ಲು ಹೋಗಿ ಮಣ್ಣು ಕಾಣತ್ತೆ, ಒಂದು ಮಳೆಗಾಲ ಕಳೆದ್ರೆ ಅದು ಕಾಲುವೆ. ತಿರುವನ್ನ ಸುತ್ತಿಸಿ ಕಟ್ಟಿರೋದೇ ನೀರಿನ ವೇಗ ಕಮ್ಮಿ ಆಗ್ಲಿ ಅಂತ. ಕೆಸರಿನಲ್ಲೂ ಇದೇ ಮಾತು, ನೀರು ನಿಂತಿರೋ ಗುಂಡಿ ಸಿಕ್ಕಿದ್ರೆ ಮಧ್ಯದಲ್ಲೇ ಹೋಗಿ, ಬೇಕಾದ್ರೆ ಇಳಿದು ನಡೀರಿ. ಪಕ್ಕದ ಹುಲ್ಲಿನ ಮೇಲೆ ಹೋದ್ರೆ ಮಧ್ಯಾಹ್ನದ ಹೊತ್ತಿಗೆ ಒಂದಡಿ ಅಗಲದ ಟ್ರೇಲ್ ಐದಡಿ ಆಗಿರತ್ತೆ. ಟ್ರೇಲ್ ಹಾಳಾದ್ರೆ ಮುಂದಿನ ವರ್ಷ ಪರ್ಮಿಷನ್ ಸಿಗಲ್ಲ, ರೇಸೇ ಇರಲ್ಲ. ಹಿಂದಿನ ಚಕ್ರ ಲಾಕ್ ಮಾಡಿ ಜಾರಿಸ್ಕೊಂಡು ತಿರುವು ತಗೊಳ್ಳೋರೂ ಇದನ್ನ ಕೇಳಿಸ್ಕೊಳ್ಳಿ.

ಈಗ ಓವರ್‌ಟೇಕ್. ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಟ್ರೇಲ್ ಮೇಲೆ ಮನಸ್ತಾಪ ಹುಟ್ಟೋದು ಬಹುಪಾಲು ಇಲ್ಲೇ.

ಯುಸಿಐ ನಿಯಮದಲ್ಲಿ ಒಂದು ಮಾತಿದೆ, ರೈಡರ್ ಯಾವಾಗಲೂ ಸಭ್ಯವಾಗಿ ನಡ್ಕೋಬೇಕು, ತನಗಿಂತ ವೇಗವಾಗಿ ಬರೋರನ್ನ ಅಡ್ಡಿ ಮಾಡ್ದೆ ಮುಂದೆ ಬಿಡ್ಬೇಕು ಅಂತ. ಅಮೆರಿಕಾದ ರೂಲ್ ಬುಕ್ ಇದನ್ನ ಇನ್ನೂ ಬಿಡಿಸಿ ಹೇಳತ್ತೆ. ಒಂದು ಲ್ಯಾಪ್ ಹಿಂದೆ ಬಿದ್ದಿರೋರು, ಒಂದು ಸುತ್ತು ಜಾಸ್ತಿ ಹೊಡೆದು ಹಿಂದಿಂದ ಬರೋರಿಗೆ ದಾರಿ ಬಿಡಲೇಬೇಕು. ಆದ್ರೆ ಇಬ್ಬರು ಒಂದೇ ಸ್ಥಾನಕ್ಕೆ ಪೈಪೋಟಿ ಮಾಡ್ತಿದ್ರೆ ಮುಂದಿರೋರು ಬಿಟ್ಟುಕೊಡ್ಬೇಕಾಗಿಲ್ಲ, ಮೈ ಅಡ್ಡ ಹಾಕಿ ತಡೆಯೋ ಹಾಗೂ ಇಲ್ಲ. ಇದು ನ್ಯಾಯವಾದ ರೂಲು. ಲಾಂಗ್ ರೇಸಲ್ಲಿ ತೊಂದ್ರೆ ಏನಂದ್ರೆ ಹಿಂದೆ ಬರ್ತಿರೋರು ಲ್ಯಾಪ್ ಹಾಕ್ತಿರೋ ಸೋಲೋನೋ, ಈಗಷ್ಟೇ ನಿದ್ದೆ ಮಾಡಿ ಎದ್ದು ಬಂದ ಟೀಮಿನವರೋ, ನಿಮ್ಮ ವಿಭಾಗದ ಪೈಪೋಟಿಯವರೋ ಗೊತ್ತಾಗಲ್ಲ. ಗೊತ್ತಿಲ್ದಿದ್ರೆ ಬಿಟ್ಟುಬಿಡಿ. ಎಂಟು ಗಂಟೆ ರೇಸಲ್ಲಿ ಐದು ಸೆಕೆಂಡ್ ಬಿಟ್ಕೊಟ್ರೆ ಏನೂ ಹೋಗಲ್ಲ, ಹಿಂದೆ ಒಬ್ಬರು ಉಸಿರು ಬಿಡೋದು ಕೇಳಿಸ್ಕೊಂಡು ಗಾಬರಿಲಿ ಇಳಿಜಾರು ಇಳಿದ್ರೆ ಬೀಳೋದು ನೀವೇ.

ಹೇಗೆ ಮಾಡೋದು ಅಂತ ಹೇಳ್ತೀನಿ. ಹಿಂದಿಂದ ಬರೋರು ಹತ್ತಿಪ್ಪತ್ತು ಮೀಟರ್ ದೂರದಿಂದಲೇ ಮಾತಾಡಿ, ಹ್ಯಾಂಡಲ್‌ಗೆ ಮೂತಿ ತಾಗೋ ಅಷ್ಟು ಹತ್ತಿರ ಬಂದ್ಮೇಲೆ ಕೂಗಿದ್ರೆ ಮುಂದಿರೋರು ಬೆಚ್ಚಿ ಬೀಳ್ತಾರೆ. "ಹಿಂದೆ ಒಬ್ಬ ಇದೀನಿ, ನಿಮಗೆ ಅನುಕೂಲ ಆದಾಗ ಬಲಗಡೆಯಿಂದ ಬರ್ತೀನಿ" ಅಂದ್ರೆ ಸಾಕು. ಎಷ್ಟು ಜನ ಇದೀರಿ ಅನ್ನೋದನ್ನೂ ಹೇಳಿ, ಇಲ್ದಿದ್ರೆ ಒಬ್ಬರನ್ನ ಬಿಟ್ಟು ಅವರು ಮತ್ತೆ ಲೈನಿಗೆ ಬರ್ತಾರೆ, ಎರಡನೆಯವರಿಗೆ ನೇರ ಡಿಕ್ಕಿ. ಬರೀ "ಬಲ, ಬಲ" ಅಂತ ಕಿರುಚ್ಬೇಡಿ, ಸುಸ್ತಾದ ಮನುಷ್ಯ ಬಲ ಅಂತ ಕೇಳಿದ ತಕ್ಷಣ ಬಲಕ್ಕೇ ತಿರುಗಿಬಿಡ್ತಾನೆ. ಮುಂದಿರೋರು ನೀವಾದ್ರೆ ದಾರಿ ಬಿಡೋ ಜಾಗ ನೀವೇ ಆರಿಸ್ಕೊಳ್ಳಿ, ಟ್ರೇಲ್ ಸ್ವಲ್ಪ ಅಗಲ ಆದ ಕಡೆ, ನೆಲ ಸಮ ಇರೋ ಕಡೆ, "ಆ ಮರ ದಾಟಿದ್ಮೇಲೆ ಬಿಡ್ತೀನಿ" ಅಂತ ಬಾಯಿಬಿಟ್ಟು ಹೇಳಿ, ಹೇಳಿದ ಮೇಲೆ ವೇಗ ಕಮ್ಮಿ ಮಾಡಿ ಒಂದು ಕಡೆ ಹಿಡಿದು ನೇರವಾಗಿ ಹೋಗಿ. ದಿಢೀರ್ ಅಂತ ಬ್ರೇಕ್ ಹಾಕಿ ಕಾಲೂರಬೇಡಿ. ದಾಟಿದೋರು ಥ್ಯಾಂಕ್ಸ್ ಹೇಳಿ, ಅದಕ್ಕೆ ಖರ್ಚಾಗೋದು ಒಂದು ಉಸಿರು ಅಷ್ಟೇ. ಆಮೇಲೆ ಮುಂದೆ ಹೋಗಿ ನಿಧಾನ ಮಾಡ್ಬೇಡಿ! ಇದು ಬರೆಯದ ರೂಲು, ದಾಟಿ ಹೋಗಿ ಎದುರಿಗೇ ಆಮೆ ಥರ ಹತ್ತೋದಾದ್ರೆ ದಾಟ್ಬೇಡಿ.

ತಳ್ಕೊಂಡು ನಡಿಯೋರು ಓಡಿಸ್ತಾ ಬರೋರಿಗೆ ಒಳ್ಳೇ ಲೈನ್ ಬಿಡ್ಬೇಕು, ಅಂದ್ರೆ ಸೈಕಲ್ ಮೇಲೆ ಹತ್ತೋಕೆ ಆಗೋ ಆ ಒಂದಡಿ ಅಗಲದ ಗಟ್ಟಿ ನೆಲವನ್ನ. ತಳ್ಳೋರು ಟ್ರೇಲಿನ ಅಂಚಿಗೆ ಹೋಗಿ, ಸೈಕಲ್ಲನ್ನ ಹೊರಗಡೆ ಪಕ್ಕಕ್ಕೆ ಹಾಕಿ, ಒಬ್ಬರ ಹಿಂದೆ ಒಬ್ಬರು ಹೋಗ್ಬೇಕು. ಕೊಲೊರಾಡೋದ ಲೆಡ್‌ವಿಲ್ ಟ್ರೇಲ್ 100 ಇದಕ್ಕೆ ಒಳ್ಳೇ ಉದಾಹರಣೆ. 1994ರಿಂದ ನಡೀತಿರೋ ರೇಸು, ಊರೇ 3,000 ಮೀಟರಿಗಿಂತ ಮೇಲಿದೆ, ಹೋದ ದಾರಿಲೇ ವಾಪಸ್ ಬರೋದು. ಕೊಲಂಬೈನ್ ಅನ್ನೋ ಏರಿನಲ್ಲಿ ತುದಿ ಸುಮಾರು 3,800 ಮೀಟರ್ ಎತ್ತರ, ಗಾಳಿ ತೆಳು, ನೂರಾರು ಜನ ಸಾಲಾಗಿ ತಳ್ಕೊಂಡು ಹತ್ತುತಿರ್ತಾರೆ, ಅದೇ ದಾರಿಲಿ ಎದುರಿಂದ ಮುಂದಿನವರು ರೇಸ್ ವೇಗದಲ್ಲಿ ಇಳಿತಿರ್ತಾರೆ. ಸಾಲು ಬಿಟ್ಟು ಒಬ್ಬರನ್ನ ದಾಟೋಣ ಅಂತ ಮಧ್ಯಕ್ಕೆ ಕಾಲಿಟ್ರೆ ಎದುರಿಗೆ ಇಳಿತಿರೋರು ಎಲ್ಲಿಗೆ ಹೋಗ್ಬೇಕು? ಸಾಮಾನ್ಯ ದಿನಗಳಲ್ಲಿ ಹತ್ತೋರಿಗೆ ಇಳಿಯೋರು ದಾರಿ ಬಿಡೋದು ಟ್ರೇಲ್ ಪದ್ಧತಿ. ಎರಡು ದಿಕ್ಕಿನ ಓಡಾಟ ಇರೋ ರೇಸಲ್ಲಿ ಆಯೋಜಕರು ಏನು ಹೇಳಿದಾರೋ ಅದೇ ನಡಿಯೋದು, ಬ್ರೀಫಿಂಗಲ್ಲಿ ಇದನ್ನ ಹೇಳದೇ ಇದ್ರೆ ಕೈ ಎತ್ತಿ ಕೇಳಿ.

ರಾತ್ರಿ ಹೊತ್ತು ಇನ್ನೊಂದಷ್ಟು ಸೇರತ್ತೆ. ಹೆಲ್ಮೆಟ್ ಲೈಟ್ ನೀವು ನೋಡಿದ ಕಡೆಗೆ ತಿರುಗತ್ತೆ, ಹಾಗಾಗಿ ಯಾರ ಜೊತೆನಾದ್ರೂ ಮಾತಾಡುವಾಗ ಮುಖ ನೋಡ್ಬೇಡಿ, ಅವರ ಕಣ್ಣು ಕತ್ತಲಿಗೆ ಮತ್ತೆ ಹೊಂದಿಕೊಳ್ಳೋಕೆ ಹೊತ್ತು ಬೇಕು. ಹಿಂದಿಂದ ಜೋರು ಲೈಟ್ ಬಿಟ್ರೆ ಮುಂದಿರೋರ ನೆರಳು ಅವರದೇ ದಾರಿ ಮೇಲೆ ಬೀಳತ್ತೆ, ಕಲ್ಲು ಯಾವುದು ಗುಂಡಿ ಯಾವುದು ಗೊತ್ತಾಗಲ್ಲ, ಸ್ವಲ್ಪ ಅಂತರ ಬಿಡಿ ಇಲ್ಲಾ ಲೈಟ್ ತಗ್ಗಿಸಿ. ಬೆಳಗಿನ ಜಾವ ಮೂರಕ್ಕೆ ಸೋಲೋ ರೈಡರ್ ಒಬ್ಬರು ತೂರಾಡ್ತಾ ಹೋಗ್ತಿದ್ರೆ, ಟೀಮಲ್ಲಿ ಇರೋ ನೀವು ನಾಲ್ಕು ಗಂಟೆ ಮಲಗಿ ಎದ್ದು ಬಂದಿದೀರಿ ಅನ್ನೋದು ನೆನಪಿರ್ಲಿ. ಅವರನ್ನ ದಾಟುವಾಗ ಒಂದು ಒಳ್ಳೇ ಮಾತು ಹೇಳಿ. ಪಿಟ್ ಏರಿಯಾದಲ್ಲಿ, ಅಂದ್ರೆ ಟೀಮ್‌ಗಳು ಟೆಂಟ್ ಹಾಕ್ಕೊಂಡಿರೋ ಜಾಗದಲ್ಲಿ, ಸೈಕಲ್ ಇಳಿದು ನಡೀರಿ, ಟೆಂಟಿನೊಳಗೆ ಜನ ಮಲಗಿರ್ತಾರೆ, ಕತ್ತಲಲ್ಲಿ ಮಕ್ಕಳು ಓಡಾಡ್ತಿರ್ತಾರೆ.

ಸ್ಟಾರ್ಟ್ ಲೈನಲ್ಲಿ ಎಲ್ಲಿ ನಿಲ್ತೀರಿ ಅನ್ನೋದೂ ಓವರ್‌ಟೇಕಿಗೆ ಸೇರಿದ್ದೇ. ಹತ್ತು ಗಂಟೆಲಿ ಮುಗಿಸೋ ಯೋಚನೆ ಇರೋರು ಆರು ಗಂಟೆಯವರ ಮಧ್ಯೆ ನಿಂತ್ರೆ ಒಬ್ಬರೇ ಹೋಗೋ ಅಷ್ಟು ಅಗಲದ ದಾರಿ ಸಿಂಗಲ್‌ಟ್ರ್ಯಾಕ್ ಇದೆಯಲ್ಲ, ಮೊದಲನೇ ಅಂಥದ್ದರ ಬಾಯಲ್ಲೇ ಜಾಮ್. ನಿಮ್ಮ ಜಾಗ ಪ್ರಾಮಾಣಿಕವಾಗಿ ಆರಿಸ್ಕೊಳ್ಳಿ.

ಸಹಾಯ ತಗೊಳ್ಳೋ ರೂಲ್‌ಗಳು ರೇಸಿಂದ ರೇಸಿಗೆ ತುಂಬಾ ಬದಲಾಗತ್ತೆ. ಯುಸಿಐ ರೇಸ್‌ಗಳಲ್ಲಿ ನೀರು, ಊಟ ಫೀಡ್ ಝೋನಿನಲ್ಲಿ ಮಾತ್ರ. ಬೇರೆ ಎಲ್ಲೋ ನಿಮ್ಮ ಅಣ್ಣ ಬಂದು ಬಾಟಲ್ ಕೊಟ್ರೆ ತಗೋಬಾರದು, ಕೊಡೋರಿಗೂ ಮೊದಲೇ ಹೇಳಿಡಿ, ಪ್ರೀತಿಯಿಂದಲೇ ಬಂದು ನಿಮ್ಮನ್ನ ರೇಸಿಂದ ತೆಗೆಸಿಬಿಡ್ತಾರೆ. ರೇಸಲ್ಲಿ ಇಲ್ದೇ ಇರೋ ಗೆಳೆಯ ಪಕ್ಕದಲ್ಲಿ ಸೈಕಲ್ ಹೊಡ್ಕೊಂಡು ಬರೋದು, ವೇಗ ಹಿಡಿದುಕೊಡೋದು ಎಲ್ಲಾ ಕಡೆನೂ ನಿಷೇಧ. ಸೈಕಲ್ ಕೆಟ್ರೆ ಕೋರ್ಸ್ ಮೇಲೆ ಉಲ್ಟಾ ದಿಕ್ಕಿಗೆ ಹೋಗೋದು ಬೇಡವೇ ಬೇಡ, ಎದುರಿಂದ ಬರೋರ ಜೀವದ ಪ್ರಶ್ನೆ ಅದು.

ಇನ್ನು ಸ್ವಾವಲಂಬಿ ರೇಸ್‌ಗಳು. ಟೂರ್ ಡಿವೈಡ್ ಅಂತ ಇದೆ, 2008ರಲ್ಲಿ ಶುರುವಾಗಿದ್ದು, ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋ ಗಡಿಲಿರೋ ಆಂಟೆಲೋಪ್ ವೆಲ್ಸ್‌ವರೆಗೆ ಸುಮಾರು 4,400 ಕಿಲೋಮೀಟರ್. ಎಂಟ್ರಿ ಫೀಸ್ ಇಲ್ಲ, ಬಹುಮಾನ ಇಲ್ಲ, ದಾರಿಲಿ ಮಾರ್ಷಲ್ ಇಲ್ಲ. ಆಗ್ಲೇ ಹೇಳಿದ ಸ್ಟಾಮ್‌ಸ್ಟಾಡ್ 1999ರಲ್ಲಿ ಈ ಗ್ರೇಟ್ ಡಿವೈಡ್ ದಾರಿನ ಕೆನಡಾ ಗಡಿಯಿಂದ ಮೆಕ್ಸಿಕೋ ಗಡಿವರೆಗೆ 18 ದಿನ 5 ಗಂಟೆಲಿ ಒಬ್ಬರೇ ಮುಗಿಸಿದ್ರು, ಈ ರೇಸ್ ಬೆಳೆದಿದ್ದು ಅಂಥ ಪ್ರಯತ್ನಗಳಿಂದ. ಇದರ ಮೂಲ ತತ್ವ ಏನಂದ್ರೆ, ದಾರಿಲಿ ಎಲ್ಲಾ ರೈಡರ್‌ಗಳಿಗೂ ಸಮನಾಗಿ ಸಿಗೋದನ್ನ ನೀವು ಬಳಸಬಹುದು, ನಿಮಗೊಬ್ಬರಿಗೇ ಸಿಗೋದನ್ನ ಬಳಸಬಾರದು. ಅಂಗಡಿ, ಹೋಟೆಲ್, ಸೈಕಲ್ ರಿಪೇರಿ ಎಲ್ಲಾ ಓಕೆ. ಗೆಳೆಯನ ಮನೇಲಿ ರಾತ್ರಿ ಮಲಗೋದು, ಮನೆಯವರು ಕಾರಲ್ಲಿ ಬಂದು ಒಣಗಿದ ಬಟ್ಟೆ ಕೊಡೋದು ಓಕೆ ಅಲ್ಲ. ಇನ್ನೊಬ್ಬರ ಹಿಂದೆ ಗಾಳಿ ಮರೆಲಿ ಹೋಗೋದೂ ನಿಷೇಧ.

ಮಾತಿನ ಮಧ್ಯೆ ಒಬ್ಬರು ಕೇಳಿದ್ರು, ದಾರಿಲಿ ಪರಿಚಯ ಇಲ್ದವರು ತಾವಾಗೇ ಕರೆದು ನೀರು ಕೊಟ್ರೆ? ತಗೊಳ್ಳಿ. ನೀವು ಕೇಳಿ ಏರ್ಪಾಡು ಮಾಡಿದ್ದಲ್ಲ, ಹಿಂದೆ ಬರೋರಿಗೂ ಸಿಗಬಹುದಾದ್ದು. ಅದೇ ನೀವೆಲ್ಲಿದೀರಿ ಅಂತ ಮ್ಯಾಪಲ್ಲಿ ತೋರಿಸೋ ನಿಮ್ಮ ಟ್ರ್ಯಾಕರ್ ಚುಕ್ಕೆ ನೋಡ್ಕೊಂಡು ಅಭಿಮಾನಿ ಒಬ್ಬರು ನಿಮಗೋಸ್ಕರ ಅಂತಲೇ ಬಿಸಿ ಊಟ ತಂದು ಕಾಯ್ತಿದ್ರೆ, ಕಷ್ಟ ಆದ್ರೂ ಕೈಮುಗಿದು ಬೇಡ ಅನ್ನಿ. ಇನ್ನೊಂದು ಪ್ರಶ್ನೆ, ಎದುರಾಳಿಗೆ ಟ್ಯೂಬ್ ಕೊಡಬಹುದಾ? ಸಾಮಾನ್ಯ ಮ್ಯಾರಥಾನ್, ಲ್ಯಾಪ್ ರೇಸ್‌ಗಳಲ್ಲಿ ರೈಡರ್ ರೈಡರಿಗೆ ಸಹಾಯ ಮಾಡೋದನ್ನ ತುಂಬಾ ಕಡೆ ಒಪ್ತಾರೆ, ಗೈಡ್ ನೋಡಿ ಖಚಿತ ಮಾಡ್ಕೊಳ್ಳಿ. ಒಪ್ಪಿದ್ರೆ ಕೊಡಿ, ನಿಮ್ಮ ಹತ್ರ ಎರಡಿದ್ರೆ ಯೋಚನೆನೇ ಮಾಡ್ಬೇಡಿ. ಒಂದೇ ಇದ್ರೆ ಅದು ನಿಮ್ಮಿಷ್ಟ, ಕೊಡ್ದಿದ್ರೆ ಯಾರೂ ತಪ್ಪು ತಿಳಿಯಲ್ಲ. ಬೇಕಾದ್ದು ತರ್ದೇ ಬಂದು ಸಿಕ್ಕವರನ್ನೆಲ್ಲ ಕೇಳ್ತಾ ನಿಲ್ಲೋದು ಮಾತ್ರ ಸರಿಯಲ್ಲ.

ಬಿದ್ದೋರ ವಿಷಯ. ಇದ್ರಲ್ಲಿ ನಂಗೆ ಎರಡು ಅಭಿಪ್ರಾಯ ಇಲ್ಲ, ನಿಲ್ಲಲೇಬೇಕು. ಪಂಕ್ಚರ್ ಆಗಿ ನಿಂತಿರೋರನ್ನ ವೇಗ ತಗ್ಗಿಸಿ "ಎಲ್ಲಾ ಇದೆಯಾ?" ಅಂತ ಕೇಳಿ, ಹೂಂ ಅಂದ್ರೆ ಹೋಗಿ. ಬಿದ್ದೋರ ಹತ್ರ ಹಾಗೆ ಹೋಗೋಕಾಗಲ್ಲ, ಯಾಕಂದ್ರೆ ತಲೆಗೆ ಪೆಟ್ಟಾದೋರು "ನಾನ್ ಚೆನ್ನಾಗಿದೀನಿ" ಅಂತಲೇ ಹೇಳ್ತಾರೆ. ಇಳಿದು ಎರಡು ಪ್ರಶ್ನೆ ಕೇಳಿ, ಇದು ಯಾವ ರೇಸು, ಎಷ್ಟನೇ ಲ್ಯಾಪು ಅಂತ. ಉತ್ತರ ತಡವಾದ್ರೆ, ಅದೇ ಮಾತು ಮತ್ತೆ ಮತ್ತೆ ಹೇಳ್ತಿದ್ರೆ, ಅವರು ಸೈಕಲ್ ಹತ್ತೋಕೆ ಬಿಡಬೇಡಿ. ಕುತ್ತಿಗೆ, ಬೆನ್ನು ನೋವು ಅಂದ್ರೆ ಅಲ್ಲಾಡಿಸಬೇಡಿ, ಹೆಲ್ಮೆಟ್ ತೆಗೀಬೇಡಿ. ಮೇಲ್ಗಡೆ ಹತ್ತಿಪ್ಪತ್ತು ಮೀಟರ್ ದೂರದಲ್ಲಿ ಇನ್ನೊಬ್ಬರನ್ನ ನಿಲ್ಲಿಸಿ, ಇಲ್ಲಾ ಸೈಕಲ್ ಕಾಣೋ ಹಾಗೆ ನಿಲ್ಲಿಸಿ, ಇಲ್ಲಾಂದ್ರೆ ಮುಂದಿನ ರೈಡರ್ ನಿಮ್ಮೆಲ್ಲರ ಮೇಲೆ ಬಂದು ಬೀಳ್ತಾರೆ. ಬೆವರಿದ ಮೈ ನಿಂತ ತಕ್ಷಣ ತಣ್ಣಗಾಗತ್ತೆ, ಬಿದ್ದೋರ ಮೇಲೆ ಜಾಕೆಟ್ಟೋ ಫಾಯಿಲ್ ಹೊದಿಕೆನೋ ಹಾಕಿ. ಆ ಹೊದಿಕೆ, ಸೀಟಿ ಎಲ್ಲಾ ಕಡ್ಡಾಯ ಸಾಮಾನಿನ ಪಟ್ಟಿಲಿ ಯಾಕಿದೆ ಅಂತ ಅವತ್ತು ಅರ್ಥ ಆಗತ್ತೆ. ತೂಕ ಉಳಿಸೋಕೆ ಅದನ್ನ ಬಿಟ್ಟು ಬರೋರಿಗೆ ನಾನು ಹೇಳೋದು, ಆ ಹೊದಿಕೆ ನಿಮಗೊಬ್ಬರಿಗೇ ಅಂತ ಇಟ್ಕೊಂಡಿರೋದಲ್ಲ.

ಮುಂದಕ್ಕೆ ಹೋಗೋ ರೈಡರ್ ಹತ್ರ ಸುದ್ದಿ ಕಳಿಸುವಾಗ ನಾಲ್ಕು ವಿಷಯ ಬಾಯಿಪಾಠ ಮಾಡಿಸಿ ಕಳ್ಸಿ: ಬಿದ್ದೋರ ಪ್ಲೇಟ್ ನಂಬರ್, ಕೊನೆಗೆ ಕಂಡ ಕಿಲೋಮೀಟರ್ ಬೋರ್ಡ್, ಎಚ್ಚರ ಇದೆಯೋ ಇಲ್ವೋ, ರಕ್ತ ಹೋಗ್ತಿದೆಯೋ ಇಲ್ವೋ. ಸಾಧ್ಯ ಆದ್ರೆ ಇಬ್ಬರ ಹತ್ರ ಕಳ್ಸಿ, ಒಬ್ಬರು ಮರೆತ್ರೆ ಇನ್ನೊಬ್ಬರು ಹೇಳ್ತಾರೆ. ನಿಂತು ಕಳೆದ ಟೈಮನ್ನ ವಾಪಸ್ ಕೊಡೋ ರೇಸ್‌ಗಳಿವೆ, ಕೊಡದೇ ಇರೋವೂ ಇವೆ. ನಿಲ್ಲೋ ಮುಂಚೆ ಅದನ್ನ ಲೆಕ್ಕ ಹಾಕ್ತಾ ಕೂರಬೇಡಿ.

ಜೋಡಿ ರೇಸ್‌ಗಳದ್ದು ಬೇರೆ ಥರ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ 2004ರಿಂದ ನಡೀತಿದೆ, ಇಬ್ಬರ ಟೀಮು, ಇಬ್ಬರೂ ಎರಡು ನಿಮಿಷದ ಅಂತರದೊಳಗೇ ಇರ್ಬೇಕು, ಟೈಮಿಂಗ್ ಪಾಯಿಂಟಲ್ಲಿ ಅದಕ್ಕಿಂತ ಜಾಸ್ತಿ ಆದ್ರೆ ಪೆನಾಲ್ಟಿ. ಕಾಡಿನಲ್ಲಿ ಒಬ್ಬರು ಬಿದ್ರೆ ಇನ್ನೊಬ್ಬರಿಗೆ ಗೊತ್ತಾಗ್ಬೇಕು ಅನ್ನೋದು ಈ ರೂಲಿನ ದೊಡ್ಡ ಉಪಯೋಗ. ಬರೆಯದ ರೂಲ್ ಏನಂದ್ರೆ, ಜಾಸ್ತಿ ಶಕ್ತಿ ಇರೋರು ಏರಿನ ತುದಿಗೆ ಹೋಗಿ ಸೊಂಟದ ಮೇಲೆ ಕೈ ಇಟ್ಕೊಂಡು ಕಾಯಬಾರದು. ಎದುರು ಗಾಳಿಲಿ ಮುಂದೆ ಇರಿ, ಅವರ ಬಾಟಲ್ ನೀವು ಹೊತ್ಕೊಳ್ಳಿ. ಹತ್ತಿ ಕಾಯ್ತಾ ನಿಂತು, ಅವರು ಬಂದ ಕೂಡ್ಲೇ ಹೊರಟುಬಿಟ್ರೆ ನಿಮಗೆ ರೆಸ್ಟ್ ಸಿಕ್ಕಿರತ್ತೆ, ಅವರಿಗೆ ಸಿಕ್ಕಿರಲ್ಲ. ದಿನಕ್ಕೆ ಹತ್ತು ಸಲ ಹೀಗೆ ಮಾಡಿದ್ರೆ ಮೂರನೇ ದಿನಕ್ಕೆ ಟೀಮ್ ಇರಲ್ಲ.

ಕಸದ ಬಗ್ಗೆ ರೂಲ್ ಎಲ್ರಿಗೂ ಗೊತ್ತು, ಫೀಡ್ ಝೋನ್ ಬಿಟ್ಟು ಬೇರೆಲ್ಲೂ ಬಿಸಾಕೋ ಹಾಗಿಲ್ಲ. ಆದ್ರೂ ರೇಸ್ ಆದ ಮಾರನೇ ದಿನ ಟ್ರೇಲ್ ಮೇಲೆ ಸಿಗೋದು, ಶಕ್ತಿಗೆ ಅಂತ ಹೀರೋ ಜೆಲ್ ಪ್ಯಾಕೆಟ್ಟಿನ ಮೇಲ್ತುದಿ, ಆ ಉಗುರಿನಷ್ಟು ಚೂರು. ಯಾರೂ ಬೇಕಂತ ಹಾಕಿರಲ್ಲ, ಹಲ್ಲಲ್ಲಿ ಕಚ್ಚಿ ಹರಿದಾಗ ಉದುರಿರತ್ತೆ. ಪೂರ್ತಿ ಹರಿಯದೆ ಮುಕ್ಕಾಲು ಹರಿದು ತೂಗಾಡೋಕೆ ಬಿಡಿ, ಖಾಲಿ ಆದ್ಮೇಲೆ ಮಡಚಿ ಶಾರ್ಟ್ಸ್ ಕಾಲಿನ ಇಲಾಸ್ಟಿಕ್ ಒಳಗೆ ಸಿಕ್ಕಿಸಿ. ಹಿಂದಿನ ಜೇಬಿಗೆ ತುರುಕಿದ್ರೆ ಮುಂದಿನ ಸಲ ಜೇಬಿಗೆ ಕೈ ಹಾಕಿದಾಗ ಗೊತ್ತಾಗ್ದೇ ಹೊರಗೆ ಬೀಳತ್ತೆ. ಗೇಟ್ ಹೇಗಿತ್ತೋ ಹಾಗೇ ಬಿಡಿ, ಮುಚ್ಚಿದ್ರೆ ಮುಚ್ಚಿ. ದನ, ಕುದುರೆ ಕಂಡ್ರೆ ನಿಧಾನ ಮಾಡಿ ಮಾತಾಡ್ತಾ ಹೋಗಿ, ಮನುಷ್ಯರ ದನಿ ಕೇಳಿದ್ರೆ ಅವು ಬೆದರೋದು ಕಮ್ಮಿ. ಬಯಲಿಗೆ ಹೋಗ್ಬೇಕಾದ್ರೆ ನೀರಿನ ಜಾಗದಿಂದ, ಟ್ರೇಲಿಂದ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ.

ಸಣ್ಣಪುಟ್ಟವು ಬೇಗ ಮುಗಿಸ್ತೀನಿ. ನಂಬರ್ ಪ್ಲೇಟನ್ನ ಕತ್ತರಿಸೋದು, ಮಡಚೋದು ಮಾಡ್ಬೇಡಿ. ಇಯರ್‌ಫೋನ್ ತುಂಬಾ ಕಡೆ ನಿಷೇಧ, ಒಂದು ಕಿವಿಗೆ ಬಿಡೋ ರೇಸಲ್ಲೂ ನಾನು ಬೇಡ ಅಂತೀನಿ, ಹಿಂದಿಂದ ಕೂಗಿದ್ದು ಕೇಳಬೇಕು. ನೋವಿನ ಮಾತ್ರೆ ವಿಷಯ ಸ್ವಲ್ಪ ಗಂಭೀರ: ಟ್ರಾಮಡಾಲ್ ಅನ್ನೋ ಮಾತ್ರೆನ ಯುಸಿಐ 2019ರ ಮಾರ್ಚಿಂದ ರೇಸ್‌ಗಳಲ್ಲಿ ನಿಷೇಧಿಸಿದೆ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2024ರಿಂದ ಸ್ಪರ್ಧೆ ವೇಳೆ ನಿಷೇಧ ಮಾಡಿದೆ. ತಲೆ ಸುತ್ತು, ಮಂಪರು ತರೋ ಮಾತ್ರೆ ನುಂಗಿ ಸಿಂಗಲ್‌ಟ್ರ್ಯಾಕ್ ಇಳಿಯೋರು ಪಕ್ಕದವರ ಜೀವಾನೂ ಪಣಕ್ಕಿಡ್ತಾರೆ. ಡಾಕ್ಟರು ಕೊಟ್ಟ ಮಾತ್ರೆ ಏನಾದ್ರೂ ತಗೋತಿದ್ರೆ ನಿಷೇಧದ ಪಟ್ಟಿ ನೋಡಿ ಬನ್ನಿ.

ಕೊನೇದಾಗಿ ಬಿಟ್ಟುಹೋಗೋದು. ರೇಸ್ ಮಧ್ಯದಲ್ಲಿ ನಿಲ್ಲಿಸೋದ್ರಲ್ಲಿ ಅವಮಾನ ಏನಿಲ್ಲ, ಹೇಳ್ದೆ ಹೋಗೋದು ಮಾತ್ರ ದೊಡ್ಡ ತಪ್ಪು. ನೀವು ಯಾವುದೋ ರಸ್ತೆಗೆ ಇಳಿದು ಲಿಫ್ಟ್ ಹಿಡಿದು ರೂಮಿಗೆ ಹೋಗಿ ಮಲಗಿರ್ತೀರಿ, ಲೆಕ್ಕದಲ್ಲಿ ಒಂದು ನಂಬರ್ ಕಮ್ಮಿ ಬಂತು ಅಂತ ಹತ್ತು ಜನ ವಾಲಂಟಿಯರ್‌ಗಳು ಟಾರ್ಚ್ ಹಿಡಿದು ಕಣಿವೆಲಿ ಹುಡುಕ್ತಿರ್ತಾರೆ. ಮಾರ್ಷಲ್ ಹತ್ರ ಹೋಗಿ ನಂಬರ್ ಹೇಳಿ, ಅವರು ಬರ್ಕೊಂಡಿದ್ದನ್ನ ಕಣ್ಣಾರೆ ನೋಡಿ, ಫೋನಲ್ಲಿ ಹೇಳಿದ್ರೆ ಹೇಳಿಸ್ಕೊಂಡೋರ ಹೆಸರು ಕೇಳಿಟ್ಕೊಳ್ಳಿ. ಟ್ರ್ಯಾಕರ್ ಇದ್ರೆ ವಾಪಸ್ ಕೊಡಿ, ಬ್ಯಾಗಲ್ಲಿಟ್ಕೊಂಡು ಮನೆಗೆ ಹೋದ್ರೆ ಚುಕ್ಕೆ ಹೈವೇ ಮೇಲೆ ಓಡೋದು ನೋಡಿ ಎಲ್ರಿಗೂ ಗಾಬರಿ.

ಕಟ್‌ಆಫ್ ಎರಡು ನಿಮಿಷಕ್ಕೆ ತಪ್ಪಿ ನಿಲ್ಲಿಸಿದಾಗ ಕಣ್ಣಲ್ಲಿ ನೀರು ಬರತ್ತೆ, ಬರ್ಲಿ. ಎದುರಿಗೆ ಕೊಡೆ ಹಿಡಿದು ನಿಂತಿರೋ ವಾಲಂಟಿಯರ್ ಹತ್ರ ಜಗಳ ಆಡ್ಬೇಡಿ, ಆ ಟೈಮ್ ಇಟ್ಟಿದ್ದು ಅವರಲ್ಲ, ಬದಲಾಯಿಸೋ ಅಧಿಕಾರನೂ ಅವರಿಗಿಲ್ಲ. ಕತ್ತಲಾದ್ಮೇಲೆ ಬೆಟ್ಟದ ಮೇಲೆ ಜನ ಸಿಕ್ಕಿಹಾಕೊಳ್ಳಬಾರದು ಅಂತ ಲೆಕ್ಕ ಹಾಕಿ ಇಟ್ಟ ಟೈಮದು. ತಕರಾರು ಇದ್ರೆ ಫಿನಿಶ್ ಹತ್ರ ಇರೋ ಅಧಿಕಾರಿಗಳ ಬಳಿ ಹೋಗಿ ಲಿಖಿತವಾಗಿ ಕೊಡಿ, ಅದಕ್ಕೂ ಇಷ್ಟು ಹೊತ್ತಿನೊಳಗೆ ಅಂತ ಮಿತಿ ಇರತ್ತೆ, ಅದನ್ನೂ ಆ ಟಾಪ್ ಟ್ಯೂಬ್ ಚೀಟಿಲಿ ಬರೆದಿಟ್ಕೊಳ್ಳಿ. ಬೇರೆ ರೈಡರ್ ತಪ್ಪು ಮಾಡಿದ್ದು ಕಂಡಿದ್ರೆ ಮೊದಲು ಅವರ ಹತ್ರಾನೇ ಮಾತಾಡಿ, ಬಾಣ ತಪ್ಪಿ ಹೋಗಿದ್ದು ಅವರಿಗೇ ಗೊತ್ತಿಲ್ದೇ ಇರಬಹುದು, ಎಷ್ಟೋ ಸಲ ಅವರೇ ಹೋಗಿ ಹೇಳ್ಕೋತಾರೆ. ಹೇಳದೇ ಇದ್ರೆ ನೀವು ಹೋಗಿ ಕಂಡಿದ್ದಷ್ಟನ್ನ ಹೇಳಿ, ಊಹೆ ಸೇರಿಸಬೇಡಿ, ಆಮೇಲೆ ಅವರು ಏನು ತೀರ್ಮಾನ ಮಾಡ್ತಾರೋ ಅದಕ್ಕೆ ಬಿಡಿ.